ದೂರದ ಬೆಟ್ಟ, ಒಂಟಿ ಕಣ್ಣು ಮತ್ತು ಒಂದು ಗೇಣು

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಅನ್ನುವ ಗಾದೆ ನಿಮಗೆಲ್ಲ ಗೊತ್ತೇ ಇದೆ. ಮೇಲ್ನೋಟದ ಚಂದಕ್ಕೆ ಮರುಳಾಗಬೇಡಿ ಅಂತ ಬುದ್ಧಿ ಹೇಳಲು ಇದನ್ನು ಬಳಸುತ್ತೇವೆ. ಆದರೆ ಗಾದೆಯನ್ನು ಒಮ್ಮೆ ಹಿಂದುಮುಂದಾಗಿ ಓದಿ ನೋಡಿ. ಬೆಟ್ಟ ನುಣ್ಣಗೆ ಕಾಣುತ್ತಿದೆಯೇ? ಹಾಗಾದರೆ ಅದು ದೂರದಲ್ಲಿದೆ! ಕಲ್ಲು, ಪೊದೆ, ಕೊರಕಲು ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿದೆಯೇ? ಹಾಗಾದರೆ ಹತ್ತಿರದಲ್ಲಿದೆ. ಅಂದರೆ ನಮ್ಮ ಹಿರಿಯರು ಒಂದೇ ಕಣ್ಣಿನಿಂದ ದೂರ ಅಂದಾಜು ಮಾಡುವ ಸೂತ್ರವನ್ನೇ ಗಾದೆ ಮಾಡಿಟ್ಟಿದ್ದಾರೆ.

ಇವತ್ತು ಕಂಪ್ಯೂಟರಿನವರು ತಲೆಕೆಡಿಸಿಕೊಂಡಿರುವ ಒಂದು ದೊಡ್ಡ ಸಮಸ್ಯೆಯೂ ಇದೇ. ಒಂದೇ ಕ್ಯಾಮೆರಾದಿಂದ ತೆಗೆದ ಫೋಟೋ ನೋಡಿ ಯಾವುದು ಎಷ್ಟು ದೂರದಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಹೇಳುವುದು. ಇದೇನೋ ಅಮೆರಿಕದಲ್ಲಿ ಮೊನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಂದುಕೊಂಡಿದ್ದರೆ, ಸ್ವಲ್ಪ ತಾಳಿ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯನ್ನು ನಕ್ಷೆಯಲ್ಲಿ ಹುಡುಕಿ. ಅಲ್ಲಿಂದ ಈಶಾನ್ಯಕ್ಕೆ ಪಾವಗಡ, ವಾಯವ್ಯಕ್ಕೆ ಚಳ್ಳಕೆರೆ. ಈ ವಿದ್ಯೆಯ ಇತಿಹಾಸದಲ್ಲಿ ಇನ್ನೂರು ವರ್ಷದ ಹಿಂದಿನ ಒಂದು ಅಧ್ಯಾಯ ಪಾವಗಡವನ್ನು ಮುಟ್ಟಿ ಹೋಗಿದೆ, ಹತ್ತು ವರ್ಷದ ಈಚಿನ ಇನ್ನೊಂದು ಚಳ್ಳಕೆರೆಯಲ್ಲಿ ನಡೆದಿದೆ. ನಡುವೆ ಇರುವ ನಮ್ಮ ಕಡೆಯವರಿಗೇ ಇದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಈ ಬರಹ.

ತೊಂದರೆ ಏನು?

ಫೋಟೋ ಅನ್ನುವುದು ಚಪ್ಪಟೆ. ಮೂರು ಆಯಾಮದ ಲೋಕ ಲೆನ್ಸಿನೊಳಗೆ ಹಾದು ಬರುವಾಗ ಒಂದು ಆಯಾಮ ಕಳೆದುಹೋಗುತ್ತದೆ. ಹತ್ತಿರವಿರುವ ಹುಣಸೆ ಗಿಡವೂ, ಅದರ ಹತ್ತರಷ್ಟು ದೂರದಲ್ಲಿರುವ ಹತ್ತರಷ್ಟು ದೊಡ್ಡ ಹುಣಸೆ ಮರವೂ ಚಿತ್ರದಲ್ಲಿ ಒಂದೇ ಅಳತೆ! ಚಿತ್ರವನ್ನು ಎಷ್ಟೇ ಹೊತ್ತು ದಿಟ್ಟಿಸಿದರೂ ಇವೆರಡರಲ್ಲಿ ಯಾವುದು ಅಂತ ಆ ಚಿತ್ರವೊಂದೇ ಹೇಳಲಾರದು. ಅದು ಕೊಡುವುದು ಬರೀ ಅನುಪಾತ. 'ಇದು ಅದರ ಎರಡರಷ್ಟು ದೂರ' ಎನ್ನಬಹುದು, ಆದರೆ 'ಇಷ್ಟು ಮಾರು' ಎನ್ನಲಾಗದು. ಅಳತೆ ಬೇಕಾದರೆ ಒಂದು ಗೇಣನ್ನು ಹೊರಗಿನಿಂದ ತರಲೇಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರದ್ದೇ.

ನಮಗೆ ಎರಡು ಕಣ್ಣಿವೆಯಲ್ಲ ಅಂತೀರಾ? ನಿಜ. ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಎರಡಕ್ಕೂ ಕಾಣುವ ನೋಟ ಒಂಚೂರು ಬೇರೆ, ಆ ವ್ಯತ್ಯಾಸದಿಂದ ಮಿದುಳು ದೂರ ಲೆಕ್ಕ ಹಾಕುತ್ತದೆ. ಸೂಜಿಗೆ ದಾರ ಪೋಣಿಸಲು ಇದು ಸಾಕು. ಬೆಟ್ಟಕ್ಕೆ? ಹತ್ತು ಕಿಲೋಮೀಟರ್ ಆಚೆಯ ಬೆಟ್ಟದ ಮುಂದೆ ಆರೂವರೆ ಸೆಂಟಿಮೀಟರ್ ಯಾವ ಲೆಕ್ಕ! ಬೆಟ್ಟದ ವಿಷಯಕ್ಕೆ ಬಂದರೆ ನಾವೆಲ್ಲರೂ ಒಂಟಿಗಣ್ಣಿನವರೇ.

ಅಂದಹಾಗೆ ಒಂದೇ ಕಣ್ಣಿನಲ್ಲಿ ಅದ್ಭುತ ಮಾಡಿದವರೂ ಇದ್ದಾರೆ. ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಆರು ತಿಂಗಳೊಳಗೆ ಭಾರತದ ಪರ ಟೆಸ್ಟ್ ಆಡಿದರು, 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ಮೇಲೆ ಶತಕ ಬಾರಿಸಿದರು, ಅದೇ ಮಾರ್ಚಿನಲ್ಲಿ 21ನೇ ವಯಸ್ಸಿಗೆ ನಾಯಕರಾದರು. ಚೆಂಡಿನ ಗಾತ್ರ ಗೊತ್ತು, ಪಿಚ್ಚಿನ ಉದ್ದ 22 ಗಜ ಅಂತಲೂ ಗೊತ್ತು. ಗೊತ್ತಿರುವ ಅಳತೆಗಳು ಕೈಯಲ್ಲಿದ್ದರೆ ಒಂದು ಕಣ್ಣೂ ಬಹಳ ದೂರ ಹೋಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಮಳಖೇಡದಿಂದ ಚಂದ್ರನವರೆಗೆ ಒಂದು ನೆರಳು

ಮುಟ್ಟಲಾಗದ್ದನ್ನು ಅಳೆಯುವ ಹಳೆಯ ಉಪಾಯವೆಂದರೆ ನೆರಳು. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದ ಕೊನೆಯ ಅಧ್ಯಾಯವೇ ನೆರಳಿನ ಲೆಕ್ಕ, ಛಾಯಾವ್ಯವಹಾರ. ತತ್ವ ಸರಳ. ಮೂರಡಿ ಕೋಲಿನ ನೆರಳು ಎರಡಡಿ ಇದ್ದಾಗ ಗರುಡಗಂಬದ ನೆರಳು 20 ಅಡಿ ಇದ್ದರೆ ಕಂಬದ ಎತ್ತರ 30 ಅಡಿ. ಕಂಬ ಹತ್ತಬೇಕಿಲ್ಲ. ಆದರೆ ಕೋಲಿನ ಉದ್ದ ಮಾತ್ರ ಗೊತ್ತಿರಲೇಬೇಕು. ನೋಡಿ, ಬಂತಲ್ಲ ಹೊರಗಿನ ಗೇಣು!

ಇದೇ ತಲೆಯನ್ನು ಗೆಲಿಲಿಯೋ ಚಂದ್ರನ ಮೇಲೆ ಓಡಿಸಿದ. 1609ರ ಕೊನೆಗೆ ದೂರದರ್ಶಕದಲ್ಲಿ ಒಂದು ಕಣ್ಣಿಟ್ಟು ನೋಡಿದಾಗ ಚಂದ್ರನ ಕತ್ತಲೆ ಭಾಗದೊಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಕಂಡವು. ನಮ್ಮಲ್ಲಿ ಸೂರ್ಯ ಹುಟ್ಟುವಾಗ ಬಯಲಿಗೆ ಬಿಸಿಲು ಬರುವ ಮೊದಲೇ ಬೆಟ್ಟದ ನೆತ್ತಿ ಹೊಳೆಯುತ್ತದಲ್ಲ, ಹಾಗೆ. ಅಂಥ ಒಂದು ಚುಕ್ಕಿ ಬೆಳಕು-ಕತ್ತಲಿನ ಗೆರೆಯಿಂದ ಚಂದ್ರನ ವ್ಯಾಸದ ಇಪ್ಪತ್ತರಲ್ಲೊಂದು ಭಾಗದಷ್ಟು ಒಳಗಿತ್ತು. ಚಂದ್ರನ ವ್ಯಾಸ ಸುಮಾರು 2000 ಇಟಲಿ ಮೈಲಿ ಎಂದಿಟ್ಟುಕೊಂಡ. ತ್ರಿಜ್ಯ 1000, ಚುಕ್ಕಿಯ ದೂರ 100. ಲಂಬಕೋನ ತ್ರಿಭುಜದ ಮೂರನೇ ಬಾಹು 1005ಕ್ಕೆ ಹತ್ತಿರ. ಅಂದರೆ ಬೆಟ್ಟದ ಎತ್ತರ ನಾಲ್ಕು ಮೈಲಿಗೂ ಹೆಚ್ಚು! 1610ರಲ್ಲಿ ಇದನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಒಂದೇ ಕಣ್ಣು, ಒಂದೇ ನೋಟ, ಬೇರೆ ಲೋಕದ ಬೆಟ್ಟದ ಎತ್ತರ. ಇಲ್ಲೂ ಕಣ್ಣು ಕೊಟ್ಟಿದ್ದು ಇಪ್ಪತ್ತರಲ್ಲೊಂದು ಎಂಬ ಅನುಪಾತವನ್ನಷ್ಟೇ. ಎರಡು ಸಾವಿರ ಮೈಲಿ ಎಂಬ ಅಳತೆ ಬೇರೆಡೆಯಿಂದ ಬಂದದ್ದು.

ಪಾವಗಡಕ್ಕೆ ಬಂದ ಲ್ಯಾಂಬ್ಟನ್

ಈಗ ನಮ್ಮೂರ ಕಡೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ದೇಶವನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. ಕಂಪನಿಗೆ ಗೆದ್ದ ನೆಲದ ನಕ್ಷೆ ಬೇಕಿತ್ತು, ಲ್ಯಾಂಬ್ಟನ್‌ಗೆ ಭೂಮಿಯ ಆಕಾರ ತಿಳಿಯುವ ಹುಚ್ಚು. ಇಬ್ಬರ ಕೆಲಸವೂ ಆಯಿತು :-)

ಲ್ಯಾಂಬ್ಟನ್ನನ ಉಪಕರಣವೂ ಒಂಟಿಗಣ್ಣಿನದೇ. ಥಿಯೋಡೊಲೈಟ್‌ನಲ್ಲಿ ಒಂದು ಬೆಟ್ಟವನ್ನು ನೋಡಿದರೆ ಸಿಗುವುದು ಬರೀ ಕೋನ, ದೂರ ಸಿಗದು. ಉಪಾಯವೇನೆಂದರೆ ಆ ಕಣ್ಣನ್ನು ಎತ್ತಿಕೊಂಡು ಬೇರೆ ಜಾಗಕ್ಕೆ ಹೋಗಿ ಅದೇ ಬೆಟ್ಟವನ್ನು ಮತ್ತೆ ನೋಡುವುದು. ಎರಡು ಜಾಗಗಳ ನಡುವಿನ ದೂರ ಸರಿಯಾಗಿ ಗೊತ್ತಿದ್ದರೆ ಉಳಿದದ್ದು ತ್ರಿಕೋನಮಿತಿ.

ಆ 'ಸರಿಯಾಗಿ ಗೊತ್ತಿರುವ' ಒಂದು ದೂರಕ್ಕಾಗಿ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಯಲಲ್ಲಿ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ಒಂದು ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದರು. ಅಗರಂನಿಂದ ಬಾಣಸವಾಡಿ ಕಡೆಗೆ ಹೋದ ಗೆರೆ. ಆ ಸರಪಳಿಯದೂ ಒಂದು ಕಥೆ. ನೂರಡಿ ಉದ್ದ, ಎರಡೂವರೆ ಅಡಿಯ ನಲವತ್ತು ಉಕ್ಕಿನ ಕೊಂಡಿ. ಮೊದಲು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದಂತೆ! ಅವರು ಬೇಡವೆಂದದ್ದರಿಂದ ತಿರುಗಿ ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ ಕೈಸೇರಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಅಂತ ತಾಪಮಾನದ ಲೆಕ್ಕ ಬೇರೆ ಇಡುತ್ತಿದ್ದರು. ನಮ್ಮ ಎರಡು ಕಣ್ಣುಗಳ ಅಂತರ ಆರೂವರೆ ಸೆಂಟಿಮೀಟರ್. ಲ್ಯಾಂಬ್ಟನ್ ತನ್ನ ಎರಡು ಕಣ್ಣುಗಳನ್ನು ಏಳು ಮೈಲಿ ಆಚೀಚೆ ಇಟ್ಟುಕೊಂಡ ಅಂದರೂ ತಪ್ಪಿಲ್ಲ.

ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನದ ಮೇಲೆ ತ್ರಿಕೋನ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಗೆರೆ ಅಳೆದರು. ಅಲ್ಲಿಂದ ತ್ರಿಕೋನಗಳಲ್ಲೇ ಲೆಕ್ಕ ಹಾಕುತ್ತಾ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಸರಪಳಿ ಎಳೆದು ಪರೀಕ್ಷಿಸಿದಾಗ ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಮದರಾಸಿನಿಂದ ಮಂಗಳೂರು ಕರಾವಳಿಗೆ ನಕ್ಷೆಗಳು ತೋರಿಸುತ್ತಿದ್ದ 400 ಮೈಲಿ ನಿಜವಾಗಿ 360 ಅಂತ ಗೊತ್ತಾಯಿತು. ಕಂಪನಿಯ ನಕ್ಷೆಯಲ್ಲಿ ನಲವತ್ತು ಮೈಲಿ ಗಾಳಿ!

ದಕ್ಷಿಣದಿಂದ ಉತ್ತರಕ್ಕೆ ಎಳೆದ ಮಹಾರೇಖೆಯ ಉದ್ದಕ್ಕೂ ಲ್ಯಾಂಬ್ಟನ್ ನಕ್ಷತ್ರ ನೋಡಿ ಅಕ್ಷಾಂಶ ಕಂಡುಹಿಡಿದ ಠಾಣೆಗಳಿವೆ. ಅವುಗಳಲ್ಲಿ 'ದೊಡಗೂಂಟ' ಒಂದು. ಅದು ಬೆಂಗಳೂರಿನ ದೊಡ್ಡಗುಂಟೆ. ಅದರ ಉತ್ತರಕ್ಕೆ 14 ಡಿಗ್ರಿ 6 ನಿಮಿಷದಲ್ಲಿ 'ಪಾಗರ್' ಅಂತ ಇನ್ನೊಂದು. ಗುರುತು ಸಿಕ್ಕಿತೇ? ಇಂಗ್ಲಿಷರ ನಾಲಿಗೆಯಲ್ಲಿ ಹೀಗಾದದ್ದು ನಮ್ಮ ಪಾವಗಡವೇ! ಭೂಮಿ ಎಷ್ಟು ಗುಂಡಗಿದೆ ಅಂತ ಲೋಕಕ್ಕೆ ತಿಳಿಸಿದ ಲೆಕ್ಕದಲ್ಲಿ ಪಾವಗಡದ್ದೂ ಒಂದು ಸಾಲಿದೆ. ಬರ, ಬೋರ್‌ವೆಲ್, ಸೋಲಾರ್ ಪಾರ್ಕ್ ಅಂತ ಸುದ್ದಿಯಾಗುವ ಊರಿಗೆ ಈ ಹೆಮ್ಮೆಯೂ ಸೇರಲಿ.

ಫೋಟೋ ಬಂದ ಮೇಲೆ

ಹತ್ತೊಂಬತ್ತನೇ ಶತಮಾನದ ನಡುವಿಗೆ ಕ್ಯಾಮೆರಾ ಬಂತು. 1858ರಲ್ಲಿ ಜರ್ಮನಿಯ ಮೈಡೆನ್‌ಬೌಯರ್ ಎಂಬ ವಾಸ್ತುಶಿಲ್ಪಿ ವೆಟ್ಜ್‌ಲಾರ್ ಊರಿನ ಚರ್ಚಿನ ಅಳತೆ ತೆಗೆಯುವಾಗ ಮೇಲಿನಿಂದ ಬೀಳುವುದರಲ್ಲಿದ್ದ. ಜೀವ ಉಳಿಯಿತು. ಹತ್ತಿ ಅಳೆಯುವ ಬದಲು ಫೋಟೋದಲ್ಲೇ ಅಳೆದರಾಗದೇ ಎಂಬ ಯೋಚನೆ ಆಗ ಹೊಳೆಯಿತು. ಅದೇ ಹೊತ್ತಿನಲ್ಲಿ ಫ್ರಾನ್ಸಿನ ಲೌಸೆಡಾ ಕೂಡ ಇದೇ ದಾರಿಯಲ್ಲಿದ್ದ. ಫೋಟೋಗ್ರಾಮೆಟ್ರಿ ಹುಟ್ಟಿದ್ದು ಹೀಗೆ. ಇವರದ್ದೂ ಲ್ಯಾಂಬ್ಟನ್ ದಾರಿಯೇ. ಬೇರೆ ಬೇರೆ ಜಾಗದಿಂದ ಚಿತ್ರ, ಜೊತೆಗೆ ಗೊತ್ತಿರುವ ಒಂದು ಅಳತೆ.

ಒಂದೇ ಚಿತ್ರದಿಂದ ಆಳ ತೆಗೆಯುವ ಪ್ರಯತ್ನ ಮತ್ತೆ ಶುರುವಾದದ್ದು ಚಂದ್ರನಿಂದಲೇ. 1951ರಲ್ಲಿ ಡಚ್ ಖಗೋಳಜ್ಞ ವಾನ್ ಡಿಗೆಲೆನ್, ಚಂದ್ರನ ಬಯಲುಗಳಲ್ಲಿರುವ ದಿಣ್ಣೆಗಳ ಇಳಿಜಾರನ್ನು ಬೆಳಕಿನ ಏರಿಳಿತದಿಂದ ಲೆಕ್ಕ ಹಾಕಿದ. ಸೂರ್ಯನಿಗೆ ಎದುರಾದ ಇಳಿಜಾರು ಹೊಳೆಯುತ್ತದೆ, ಓರೆಯಾದದ್ದು ಮಂಕಾಗುತ್ತದೆ, ಅಷ್ಟೇ ಆಧಾರ. 1970ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರ್ಟೋಲ್ಡ್ ಹಾರ್ನ್ ಇದನ್ನೇ ತಮ್ಮ ಡಾಕ್ಟರೇಟ್ ಪ್ರಬಂಧ ಮಾಡಿ ಕಂಪ್ಯೂಟರಿಗೆ ಕಲಿಸಿದರು.

ನಮ್ಮ ಗಾದೆಯನ್ನು ವಿಜ್ಞಾನ ಮಾಡಿದವರು ಜೇಮ್ಸ್ ಗಿಬ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್‌ಗಳ ದೃಷ್ಟಿಯ ಮೇಲೆ ಕೆಲಸ ಮಾಡಿದ ಗಿಬ್ಸನ್, 1950ರ ಪುಸ್ತಕದಲ್ಲಿ ನೆಲದ ಒರಟುತನ ದೂರ ಹೋದಂತೆ ನುಣುಪಾಗುವುದೇ ಆಳದ ದೊಡ್ಡ ಸುಳಿವು ಅಂತ ವಾದಿಸಿದರು. ಉತ್ತ ಹೊಲ ನೋಡಿ. ಕಾಲ ಬುಡದಲ್ಲಿ ಹೆಂಟೆ ಹೆಂಟೆಯಾಗಿ, ಬದುವಿನ ಹತ್ತಿರ ಕಂಬಳಿ ಹಾಸಿದ ಹಾಗೆ!

ಆದರೆ ನೆರಳು-ಬೆಳಕನ್ನು ಪೂರಾ ನಂಬುವಂತಿಲ್ಲ. ಚಂದ್ರನ ಕುಳಿಯ ಫೋಟೋ ಒಂದನ್ನು ತಲೆಕೆಳಗು ಮಾಡಿ ನೋಡಿ. ಕುಳಿ ಹೋಗಿ ಗುಡ್ಡ ಆಗಿಬಿಡುತ್ತದೆ! ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಮಿದುಳು ತೀರ್ಮಾನಿಸಿಬಿಟ್ಟಿದೆ. ಕಣ್ಣು ಮೋಸ ಹೋಗಿಲ್ಲ, ಒಳಗೆ ಕೂತ ನಂಬಿಕೆ ತಪ್ಪಿದೆ. ಸೂರ್ಯ ಯಾವ ಕಡೆ ಇದ್ದ ಅನ್ನುವುದು ತಿಳಿಯದೆ ಹಳ್ಳವೋ ದಿಬ್ಬವೋ ಹೇಳಲಾಗದು. ಇಳಿಯಲು ಹೊರಟ ನೌಕೆಗೆ ಇದು ಸಣ್ಣ ವಿಷಯವೇ?

ಚಳ್ಳಕೆರೆಯ ಚಂದ್ರ

ಶಿರಾದಿಂದ ಹಿರಿಯೂರು ದಾಟಿ ಮುಂದೆ ಹೋದರೆ ಚಳ್ಳಕೆರೆ. ಆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನಂಥ ಕುಳಿಗಳನ್ನು ತೋಡಿಸಿತು. 2016ರಲ್ಲಿ ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನು ವಿಮಾನಕ್ಕೆ ಕಟ್ಟಿ ಚಳ್ಳಕೆರೆಯ ಕುಳಿಗಳ ಮೇಲೆ ಹಾರಿಸಿ ಪರೀಕ್ಷೆ ಮಾಡಿದರು. (ಅಮೃತ ಮಹಲ್ ಕಾವಲುಗಳನ್ನು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದರಿಂದ ದನ ಕುರಿ ಮೇಯಿಸುತ್ತಿದ್ದ ಸುತ್ತಲ ಹಳ್ಳಿಗಳ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ.)

ಕುಳಿ ಯಾಕೆ ತೋಡಬೇಕು? ಅವುಗಳ ಅಗಲ, ಆಳ ತೋಡಿಸಿದವರಿಗೆ ಗೊತ್ತು. ಸೆನ್ಸರ್ ಹೇಳಿದ್ದು ಸರಿಯೋ ತಪ್ಪೋ ತಾಳೆ ನೋಡಬಹುದು. ಬೆಂಗಳೂರಿನ ಬಯಲಲ್ಲಿ ಲ್ಯಾಂಬ್ಟನ್ ಎರಡನೇ ಸಲ ಸರಪಳಿ ಎಳೆದನಲ್ಲ, ಇದೂ ಅದೇ. ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಹುಡುಗನನ್ನು ಪರೀಕ್ಷಿಸಿದ ಹಾಗೆ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪು ಕೂಡುತ್ತಾ ಹೋಯಿತು, ತಿದ್ದಿಕೊಳ್ಳುವ ವೇಗ ತಂತ್ರಾಂಶಕ್ಕೆ ಸಾಲಲಿಲ್ಲ. ಇಳಿಯಬೇಕಿದ್ದ ಜಾಗವೂ ಬರೀ 500 ಮೀಟರ್ ಉದ್ದಗಲ. ಬೆಂಗಳೂರಿನಲ್ಲಿ ಅಂದು ರಾತ್ರಿ ಕಣ್ಣೀರು ಹಾಕಿದವರನ್ನು ದೇಶವೆಲ್ಲ ನೋಡಿತು.

ಚಂದ್ರಯಾನ-3ರಲ್ಲಿ ಜಾಗವನ್ನು 4 ಕಿ.ಮೀ.ಗೆ 2.4 ಕಿ.ಮೀ. ಮಾಡಿದರು. ಜಾಗ ಆರಿಸುವುದಕ್ಕೆ ಚಂದ್ರಯಾನ-2ರ ಆರ್ಬಿಟರ್ ನೆರವಾಯಿತು. 100 ಕಿ.ಮೀ. ಎತ್ತರದಿಂದ ಕಾಲು ಮೀಟರಿನಷ್ಟು ಸಣ್ಣ ವಿವರ ಹಿಡಿಯುವ ಅದರ ಕ್ಯಾಮೆರಾ ಒಂದೇ. ಆದರೆ ಒಂದು ಸುತ್ತಿನಲ್ಲಿ ಒಂದು ಕೋನದಿಂದ, ಇನ್ನೊಂದು ಸುತ್ತಿನಲ್ಲಿ ಇನ್ನೊಂದು ಕೋನದಿಂದ ಅದೇ ಜಾಗ ನೋಡಿದರೆ ನೆಲದ ಏರಿಳಿತ ಸಿಗುತ್ತದೆ. ಕಣ್ಣನ್ನು ಎತ್ತಿಕೊಂಡು ಹೋಗುವ ಅದೇ ಹಳೇ ಉಪಾಯ!

ಲ್ಯಾಂಡರಿನ ಹೊಟ್ಟೆಯಲ್ಲಿ ಹಲವು ಕ್ಯಾಮೆರಾಗಳಿದ್ದವು. ಕೆಳಗಿನ ನೆಲವನ್ನು ತನ್ನಲ್ಲಿರುವ ನಕ್ಷೆಗೆ ಹೋಲಿಸಿ 'ಎಲ್ಲಿದ್ದೇನೆ' ಎನ್ನುವ ಕ್ಯಾಮೆರಾ ಬೆಂಗಳೂರಿನ ಇಸ್ರೋ ಘಟಕ ಲಿಯೋಸ್‌ನದು. ಬಂಡೆ, ಹಳ್ಳ ಗುರುತಿಸುವ ಕ್ಯಾಮೆರಾ ಅಹಮದಾಬಾದಿನದು. ಇನ್ನೊಂದು, ಅಡ್ಡಡ್ಡ ವೇಗ ಅಳೆಯುವ ಕ್ಯಾಮೆರಾ. ಇದರ ಗುಟ್ಟು ಸ್ವಲ್ಪ ಬಿಡಿಸಿ ನೋಡೋಣ. ಒಂದರ ಹಿಂದೊಂದು ತೆಗೆದ ಎರಡು ಚಿತ್ರಗಳಲ್ಲಿ ಒಂದು ಕಲ್ಲು ಎಷ್ಟು ಸರಿದಿದೆ ಅಂತ ನೋಡುತ್ತದೆ. ಉದಾಹರಣೆಗೆ, ಚಿತ್ರದ ಒಂದು ಚುಕ್ಕಿ ಎತ್ತರದ ಸಾವಿರದಲ್ಲೊಂದು ಭಾಗಕ್ಕೆ ಸಮ ಎಂದುಕೊಳ್ಳಿ. 800 ಮೀಟರ್ ಎತ್ತರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 80 ಸೆಂಟಿಮೀಟರ್. ಸೆಕೆಂಡಿಗೆ ಹತ್ತು ಚುಕ್ಕಿ ಸರಿದರೆ ವೇಗ ಸೆಕೆಂಡಿಗೆ 8 ಮೀಟರ್. ಎತ್ತರ 400 ಅಂತ ತಪ್ಪಾಗಿ ತಿಳಿದರೆ? ವೇಗ 4 ಅನ್ನುತ್ತದೆ, ಅಷ್ಟೇ ಧೈರ್ಯವಾಗಿ! ಆದ್ದರಿಂದ ಎತ್ತರವನ್ನು ಅದಕ್ಕೆ ಬೇರೆಯವರು ಹೇಳಬೇಕು. ಅದಕ್ಕೆ ಲೇಸರ್ ಮತ್ತು ರೇಡಿಯೋ ಅಲೆಗಳ ಆಲ್ಟಿಮೀಟರುಗಳಿದ್ದವು. ಜೊತೆಗೆ ಈ ಸಲ ವೇಗವನ್ನು ನೇರವಾಗಿಯೇ ಅಳೆಯುವ ಲೇಸರ್ ಡಾಪ್ಲರ್ ಉಪಕರಣವನ್ನೂ ಸೇರಿಸಿದರು. ಕಣ್ಣು ಅನುಪಾತ ಕೊಟ್ಟಿತು, ಲೇಸರ್ ಗೇಣು ಕೊಟ್ಟಿತು.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ವಿಕ್ರಮ್ ಇಳಿಯಿತು. ಕೊನೆಗೆ ಸುಮಾರು 150 ಮೀಟರ್ ಎತ್ತರದಲ್ಲಿ ಕೆಲ ಸೆಕೆಂಡು ನಿಂತು, ಕೆಳಗೆ ನೋಡಿ, ಸಪಾಟಾದ ಜಾಗ ನೋಡಿಕೊಂಡು ಕಾಲೂರಿತು.

ಊಹೆ ಕಲಿತ ಯಂತ್ರ

ಇತ್ತೀಚಿನ ಅಧ್ಯಾಯ ಬೇರೆ ಥರದ್ದು. 2005ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಐಐಟಿ ಕಾನ್ಪುರದಿಂದ ಹೋದ ಅಶುತೋಷ್ ಸಕ್ಸೇನಾ ಮತ್ತು ಜೊತೆಗಾರರು, ಲೇಸರಿನಿಂದ ಅಳೆದ ದೂರ ಮತ್ತು ಅದೇ ಜಾಗದ ಫೋಟೋ ಎರಡನ್ನೂ ಕಂಪ್ಯೂಟರಿಗೆ ತೋರಿಸಿ ತೋರಿಸಿ, ಆಮೇಲೆ ಬರೀ ಫೋಟೋ ಕೊಟ್ಟು ದೂರ ಹೇಳಿಸಿದರು. 2014ರಿಂದೀಚೆಗೆ ನ್ಯೂರಲ್ ನೆಟ್‌ವರ್ಕ್‌ಗಳು ಇದನ್ನು ಬಹಳ ಚೆನ್ನಾಗಿ ಮಾಡತೊಡಗಿದವು. 2019ರ ಮಿಡಾಸ್ ಎಂಬ ಮಾದರಿ ಯಾವ ಫೋಟೋ ಕೊಟ್ಟರೂ ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳುತ್ತದೆ. ಆದರೆ ಮೀಟರಿನಲ್ಲಿ ಹೇಳುವುದಿಲ್ಲ! ಆಮೇಲೆ ಬಂದ ಕೆಲವು ಮಾದರಿಗಳು ಮೀಟರಿನಲ್ಲೂ ಹೇಳುತ್ತವೆ. ಆ ಮೀಟರು ಬಂದದ್ದು ಎಲ್ಲಿಂದ? ಕಲಿಯುವಾಗ ನೋಡಿದ ಲೋಕದಿಂದ. ಕಾರು ಇಷ್ಟುದ್ದ ಇರುತ್ತದೆ, ಬಾಗಿಲು ಇಷ್ಟೆತ್ತರ ಇರುತ್ತದೆ, ರಸ್ತೆ ಹೀಗಿರುತ್ತದೆ ಎಂಬ ಅನುಭವವೇ ಅದರ ಗೇಣು.

ನನ್ನ ಪ್ರಶ್ನೆ ಇರುವುದು ಇಲ್ಲೇ. ಆ ಗೇಣು ಯಾರ ಊರಿನದು? ಈ ವಿದ್ಯೆಯಲ್ಲಿ ಬಹಳ ಬಳಕೆಯಾದ ರಸ್ತೆ ಚಿತ್ರಗಳ ಸಂಗ್ರಹ ಕಿಟ್ಟಿ, 2012ರಲ್ಲಿ ಜರ್ಮನಿಯ ಕಾರ್ಲ್ಸ್‌ರೂ ಊರಿನಲ್ಲಿ ಮಾಡಿದ್ದು. ಅಲ್ಲಿ ಬಿಳಿ ಗೆರೆ, ಫುಟ್‌ಪಾತ್, ಸಾಲು ಕಾರು. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ರಸ್ತೆ ತುಂಬ ಹರಡಿರುತ್ತದೆ, ಅದರ ಅಂಚಿಗೆ ಕಲ್ಲಿಟ್ಟಿರುತ್ತಾರೆ, ಪಕ್ಕದಲ್ಲಿ ಕುರಿ ಮಂದೆ. ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂಭಾಗ ಕತ್ತಲಲ್ಲಿ ಯಾವ ಆಕಾರವೂ ಇಲ್ಲದ ಗುಡ್ಡ. ಕಾರ್ಲ್ಸ್‌ರೂ ಗೇಣಿನಿಂದ ಇದನ್ನು ಅಳೆದರೆ? ಯಂತ್ರ 'ಗೊತ್ತಿಲ್ಲ' ಅನ್ನುವುದಿಲ್ಲ. ಕುಳಿಯನ್ನು ಗುಡ್ಡ ಅಂದ ನಮ್ಮ ಮಿದುಳಿನ ಹಾಗೆ ಏನೋ ಒಂದು ಸಂಖ್ಯೆ ಧೈರ್ಯವಾಗಿ ಹೇಳಿಬಿಡುತ್ತದೆ. ಆ ಸಂಖ್ಯೆ ನಂಬಿ ಬ್ರೇಕ್ ಹಾಕುವ ಗಾಡಿಯ ಮುಂದೆ ಇರುವುದು ರಾಗಿ ತೂರುತ್ತಿರುವ ಒಬ್ಬ ತಾಯಿ.

ಇದು ಗೊತ್ತಿದ್ದವರು ಸುಮ್ಮನೆ ಕೂತಿಲ್ಲ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಹೈದರಾಬಾದ್, ಬೆಂಗಳೂರು ಕಡೆಯ ರಸ್ತೆಗಳ ಹತ್ತು ಸಾವಿರ ಚಿತ್ರಗಳನ್ನು ಗುರುತು ಹಾಕಿ ಹೊರತಂದವು. ಅದರಲ್ಲಿ ಆಟೋರಿಕ್ಷಾಗೂ, ದನಕರುಗಳಿಗೂ, ಮಣ್ಣಿನ ಅಂಚಿಗೂ ಜಾಗವಿದೆ. ಒಳ್ಳೆಯ ಆರಂಭ. ಆದರೆ ಅದು ಇದು ಆಟೋ, ಇದು ದನ ಎಂದು ಹೆಸರಿಡುವ ಕೆಲಸ, ದೂರ ಅಳೆಯುವುದಲ್ಲ. ಜೊತೆಗೆ ಪಟ್ಟನಾಯಕನಹಳ್ಳಿಯ ಸುಗ್ಗಿ ರಸ್ತೆಗೂ ಬೆಂಗಳೂರಿನ ವರ್ತುಲ ರಸ್ತೆಗೂ ಬಹಳ ಅಂತರ.

ಮಹಾವೀರಾಚಾರ್ಯನ ಕೋಲು, ಲ್ಯಾಂಬ್ಟನ್ನನ ಸರಪಳಿ, ಉಳ್ಳಾರ್ತಿಯ ಕುಳಿ, ವಿಕ್ರಮನ ಲೇಸರು... ಇವರೆಲ್ಲ ತಮ್ಮ ಗೇಣು ಯಾವುದು ಅಂತ ಮೊದಲೇ ತೋರಿಸಿ, ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ಅಳತೆ ಹೇಳಿದರು. ಹೊಸ ಯಂತ್ರಗಳ ಗೇಣು ಒಳಗೆಲ್ಲೋ ಅಡಗಿದೆ, ಕಣ್ಣಿಗೆ ಕಾಣದು. ಹಾಗಾಗಿ ಇನ್ನು ಮುಂದೆ ಯಾವುದಾದರೂ ಮೊಬೈಲು, ಕಾರು, ಡ್ರೋನು 'ಅದು ಇಷ್ಟು ದೂರದಲ್ಲಿದೆ' ಅಂದರೆ ಒಂದು ಪ್ರಶ್ನೆ ಕೇಳಿ: "ಗೇಣು ಯಾರದಪ್ಪಾ?" ಉತ್ತರ ಸಿಕ್ಕರೆ ನಂಬಿ. ಸಿಗದಿದ್ದರೆ, ಚಳ್ಳಕೆರೆಯಲ್ಲಿ ಮಾಡಿದ ಹಾಗೆ, ನಮ್ಮ ನೆಲದಲ್ಲಿ ಅಳತೆ ಗೊತ್ತಿರುವ ಒಂದು ಹಳ್ಳ ತೋಡಿ ಪರೀಕ್ಷಿಸಿ, ಆಮೇಲೆ ನಂಬೋಣ.